ಕುರ್ಚಿಯ ಪಂಚಾಂಗ

ರೊಕ್ಕಸೆರ್ರಾ ಅಂತ ಊರು. ಹೆಸರಿನಲ್ಲಷ್ಟೇ ರೊಕ್ಕ.
ಗುಡ್ಡದ ನೆತ್ತಿಗೆ ಕಚ್ಚಿಕೊಂಡ ನಲವತ್ತು ಮನೆ,
ಹತ್ತು ನಿಮಿಷ ಹಿಂದೆಯೇ ಉಳಿದ ಗೋಪುರದ ಗಡಿಯಾರ.
ಕಾಲ ಯಾವುದೆಂದು ತಿಳಿಯಲು ಇಲ್ಲಿ ಯಾರೂ ಗೋಡೆ ನೋಡುವುದಿಲ್ಲ,
ಎರ್ಸೀಲಿಯಾಳ ಕುರ್ಚಿ ಎಲ್ಲಿದೆ ನೋಡುತ್ತಾರೆ.

ಹುಲ್ಲು ಹೆಣೆದ ಕುರ್ಚಿ. ಒಂದು ಕಾಲು ಗಿಡ್ಡ,
ಅದರಡಿಗೆ ಮಡಚಿಟ್ಟ ಹಳೇ ಲಾಟರಿ ಚೀಟಿ.
'ಅದರಿಂದ ಆದ ಲಾಭ ಇಷ್ಟೇ' ಅನ್ನುತ್ತಾಳೆ.

ಫೆಬ್ರವರಿಯಲ್ಲಿ ಅದು ಬೇಕರಿಯ ಗೋಡೆಗೆ ಬೆನ್ನು ಕೊಟ್ಟಿರುತ್ತದೆ.
ಒಳಗೆ ಒಲೆ, ಹೊರಗೆ ಅಂಗೈಯಗಲದ ಬಿಸಿಲು,
ಹನ್ನೊಂದರಿಂದ ಹನ್ನೆರಡೂಕಾಲು; ಅಷ್ಟೇ ಅಂದಿನ ಪಡಿ.
ಕೆಳಗೆ ಕಣಿವೆ, ಉಕ್ಕಲು ಬಂದ ಹಾಲಿನ ಪಾತ್ರೆ;
ಮಂಜಿನೊಳಗಿಂದ ಪಕ್ಕದೂರಿನ ಗಂಟೆ ಮಾತ್ರ ತೇಲಿ ಬರುತ್ತದೆ,
ಊರು ಬರುವುದಿಲ್ಲ.

ಬಾದಾಮಿ ಮರ ಹೂ ಬಿಟ್ಟಿತೆಂದು ಅಂಚೆಯ ಹುಡುಗಿ ಹೇಳಿದರೆ
'ಅವಸರಗೇಡಿ, ಈ ಸಲವೂ ಹಿಮಕ್ಕೆ ಸಿಕ್ಕಿಬೀಳುತ್ತದೆ'
ಎಂದು ಬೈಯುತ್ತಾಳೆ. ಬೈದು,
ಒಂದು ರೆಂಬೆ ತಾ ಅನ್ನುತ್ತಾಳೆ.

ಮೇ ತಿಂಗಳ ಮೊದಲ ದಿನ ಕುರ್ಚಿಯೇ ನಾಪತ್ತೆ.
ಹುಲ್ಲುಗಾವಲಿನಲ್ಲಿ, ಕೆಂಪು ಗಸಗಸೆ ಹೂಗಳ ನಡುವೆ ಸಿಗುತ್ತದೆ.
ಅವರೆಯ ದೊಡ್ಡಪ್ಪನಂಥ ಫಾವಾ ಕಾಯಿ, ಹಸಿಯಾಗಿಯೇ ಸುಲಿದು,
ಕುರಿಹಾಲಿನ ಚೀಸು ಕಚ್ಚಿ,
ಸಿಪ್ಪೆಯನ್ನು ಮಡಿಲಿಗೆ ಉದುರಿಸುತ್ತ ಇಡೀ ಊರು.

ಜುಲೈಗೆ ಓಣಿ ದಾಟಿ ಬಾವಿಕಟ್ಟೆಯ ನೆರಳು.
ಮಧ್ಯಾಹ್ನ ಕಿಟಕಿಗಳೆಲ್ಲ ಹಸಿರು ರೆಪ್ಪೆ ಮುಚ್ಚಿ ಮಲಗಿರುತ್ತವೆ.
ಸೂರ್ಯಕಾಂತಿ ಹೊಲ ತಲೆ ತಗ್ಗಿಸಿತೋ, ಮೇಷ್ಟರ ಎದುರಿನ ಮಕ್ಕಳ ಹಾಗೆ,
ಟೊಮೇಟೊ ಬಂತೆಂದೇ ಲೆಕ್ಕ:
ಓಣಿಯ ನಡುವೆ ಡ್ರಮ್ಮು, ಬೆಂಕಿ, ಕುದಿವ ನೀರಲ್ಲಿ ಕಿಣಿಕಿಣಿ ಬಾಟಲಿ,
ಮೊಣಕೈವರೆಗೂ ಕೆಂಪಾದ ಹೆಂಗಸರು.

ಹೋದ ವರ್ಷ ಮಾರ್ಚಿಯಲ್ಲಿ ಅವಳು ಮೆಟ್ಟಿಲಲ್ಲಿ ಜಾರಿದಳು.
ಸೊಂಟ. ಮೇಲಿನ ಕೋಣೆ. ಮಂಚ.
ಕುರ್ಚಿ ಬೇಕರಿಯ ಗೋಡೆಗೇ ನಿಂತುಬಿಟ್ಟಿತು.
ಏಪ್ರಿಲ್ ಬಂತು, ಮುಗಿಯಿತು; ಜನ ಉಣ್ಣೆ ಅಂಗಿ ಬಿಚ್ಚಲಿಲ್ಲ.
ಹೂ ಬಿಟ್ಟ ಚೆರ್ರಿಯನ್ನು ಹಾದುಹೋದರು, ನೋಡಿಯೂ ನಂಬದೆ.
ಕೊನೆಗೊಂದು ಬೆಳಗ್ಗೆ ಕ್ಷೌರಿಕ ಒತ್ತೋರಿನೋ
ಅರ್ಧ ಬೋಳಿಸಿದ ಗಿರಾಕಿಯನ್ನು ಅಲ್ಲೇ ಬಿಟ್ಟು ಎದ್ದು ಬಂದು
ಕುರ್ಚಿಯನ್ನೆತ್ತಿ ಓಣಿಯ ತಿರುವಿನಲ್ಲಿಟ್ಟ.

ಮೇಲೆ ಕಿಟಕಿ ದಡಕ್ಕನೆ ತೆರೆಯಿತು:
'ಕತ್ತೇ! ಇನ್ನೊಂದು ಮೊಳ ಎಡಕ್ಕೆ!'

ಅಂದಿನಿಂದ ಅದು ಊರಿನ ಕೆಲಸ.
ಕುರ್ಚಿ ಸರಿದಂತೆಲ್ಲ ಕಿಟಕಿ ಕೂಗುತ್ತದೆ.
ದ್ರಾಕ್ಷಿ ಕೊಯ್ಲಿಗೆ ಹೋಯಿತು, ಮೈತುಂಬ ಜಿಗುಟು ಹೊತ್ತು ಮರಳಿತು.
ಆಲಿವ್ ಮರದಡಿ ನಜ್ಜರೇನೋಗೆ ಏಣಿಯಾಯಿತು.
ಗಾಣದಿಂದ ಹೊಸ ಎಣ್ಣೆ ಬಂದ ಸಂಜೆ,
ಸಣ್ಣಗೆ ಮಳೆ ಹನಿಯುತ್ತಿರುವಾಗ,
ಹಗ್ಗ ಕಟ್ಟಿದ ಬುಟ್ಟಿ ಕಿಟಕಿಯಿಂದ ಇಳಿಯಿತು.
ಸುಟ್ಟ ರೊಟ್ಟಿಯ ಮೇಲೆ ಹಸಿರೆಣ್ಣೆ ಸುರಿದು ಕಳಿಸಿದೆವು.

ಯಾರೂ ಮಾತಾಡಲಿಲ್ಲ.
ಗಂಟಲು ಕಚ್ಚಬೇಕು ಹೊಸ ಎಣ್ಣೆ, ಅದು ಅದರ ಗುಣ.
ಎಷ್ಟೋ ಹೊತ್ತಿಗೆ ಮೇಲಿನಿಂದ
ಒಂದು ಕೆಮ್ಮು. ಮತ್ತೊಂದು.
ಕೆಳಗೆ ನಿಂತ ನಾವು ಒದ್ದೆ ಓಣಿಯಲ್ಲಿ
ಕೈತಟ್ಟಿ ನಕ್ಕೆವು.