ಉಬ್ಬದ ಹಿಟ್ಟು

ಬೇಕಪ್ ಊರಿನ ಏರುಬೀದಿ, ಐವತ್ತನಾಲ್ಕರ ಫೆಬ್ರವರಿ.
ಸೈಕಲ್ಲು ಗೋಡೆಗೊರಗಿಸಿ, ಕೈಚೀಲದಿಂದ
ಪ್ರಶ್ನೆಗಳ ಪುಸ್ತಕ ತೆಗೆದು ಕೂತೆ
ಹೆಸ್ಟರ್ ಆರ್ಮರಾಡ್ ಎಂಬ ಮುದುಕಿಯ ಅಡುಗೆಮನೆಯಲ್ಲಿ.
ವಿಶ್ವವಿದ್ಯಾಲಯದವರು ಕಳಿಸಿದ್ದು: ಹಳೆಯ ಮಾತು
ಹಳಬರ ಜೊತೆ ಮಣ್ಣಾಗುವ ಮೊದಲು
ಹಿಡಿದು ತಾ ಎಂದು.

ಹಸುವಿನ ಕೆಚ್ಚಲಿಗೆ, ಇರುವೆಗೆ, ಎಡಗೈಯವನಿಗೆ,
ಶಾಲೆ ತಪ್ಪಿಸಿ ತಿರುಗುವ ಹುಡುಗನಿಗೆ
ಏನನ್ನುತ್ತೀರಿ, ಏನನ್ನುತ್ತೀರಿ?
ಆಕೆ ಹೇಳಿದಳು, ನಾನು ಬರೆದೆ.
ಚಹ ಆರಿತು.

ಹಿಟ್ಟು ಉಬ್ಬದೆ, ಒಲೆಯಿಂದ ಇಟ್ಟಿಗೆಯ ಹಾಗೆ
ಹೊರಬಂದ ಬ್ರೆಡ್ಡಿಗೆ?
'ಸ್ಯಾಡ್' ಅಂದಳು. ಯೋಚಿಸಲೇ ಇಲ್ಲ.
'ಯುದ್ಧದ ಕಾಲದ ಹಿಟ್ಟು ಬರೀ ಸ್ಯಾಡು.
ಹತ್ತು ಸಲ ನಾದಿದರೂ ಅಷ್ಟೆ.'

ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟಿದ್ದಳು
ಎರಕದ ಇಸ್ತ್ರಿಪೆಟ್ಟಿಗೆ. ಅದಕ್ಕೂ ಅದೇ ಹೆಸರು,
ಸ್ಯಾಡ್ ಐರನ್. ಎತ್ತಿ ನೋಡು ಅಂದಳು.
ಎತ್ತಿದೆ. ದುಃಖವಲ್ಲ ಅದು. ಏಳು ಪೌಂಡು.

ನನಗೆ ಗೊತ್ತಿತ್ತು, ಪರೀಕ್ಷೆಗೆ ಓದಿದ್ದೆ:
ಸಾವಿರ ವರ್ಷದ ಹಿಂದೆ ಈ ಪದ
ಊಟದ ಹಲಗೆಯಿಂದ ಎದ್ದವನದು.
ಹೊಟ್ಟೆ ತುಂಬಿದವನು, ಇನ್ನು ಸಾಕು ಅಂದವನು,
ನಡುಪಟ್ಟಿ ಸಡಿಲಿಸಿ ತೇಗಿದವನು.
ಸಾಕು ಅನ್ನುವುದು ಒಳ್ಳೆಯ ಮಾತೇ.
ಆದರೆ ಸಾಕು ಎಂಬಲ್ಲಿಂದ
ಸಾಕಪ್ಪಾ ಸಾಕು ಎಂಬಲ್ಲಿಗೆ ಎಷ್ಟು ದೂರ?
ತುಂಬಿದ್ದು ಭಾರವಾಯಿತು. ಭಾರವಾದದ್ದು ಕದಲಲಿಲ್ಲ.
ಕದಲದವನನ್ನು ನಂಬಬಹುದು; ಹಾಗಾಗಿ ಒಂದು ಕಾಲಕ್ಕೆ
ಸಾಲ ಕೊಡಲು, ಮಗಳ ಕೊಡಲು
ಸ್ಯಾಡ್ ಮನುಷ್ಯನನ್ನೇ ಹುಡುಕುತ್ತಿದ್ದರೇನೋ.
ಬಣ್ಣ ಹಾಕುವವರು ಕೆಸರುಗಂದು ಬಟ್ಟೆಗೆ ಆ ಹೆಸರಿಟ್ಟರು.
ಯಾರೋ ಆ ಬಟ್ಟೆ ತೊಟ್ಟು ಸುಮ್ಮನೆ ಕೂತರು;
ಗಾಂಭೀರ್ಯವೋ ಸಂಕಟವೋ, ನೋಡಿದವರಿಗೆ ತಿಳಿಯಲಿಲ್ಲ.
ಆ ತಿಳಿಯದ ಜಾಗದಲ್ಲೇ ಪದ ಕಾಲು ಜಾರಿತು.

ಪುಸ್ತಕದಲ್ಲಿಲ್ಲದ ಪ್ರಶ್ನೆ ಕೇಳಿದೆ:
ಮನಸ್ಸಿಗೆ ಬೇಜಾರಾದರೆ? ಆಗ ಸ್ಯಾಡ್ ಅನ್ನುವುದಿಲ್ಲವೇ?
'ಅದು ರೇಡಿಯೊದವರ ಮಾತು' ಅಂದಳು.
'ನಾವು ಫೆಡ್ ಅಪ್ ಅಂತೀವಿ.'

ಪೆನ್ಸಿಲ್ಲು ನಿಂತಿತು.
ಉಣಿಸಿ ಉಣಿಸಿ ಗಂಟಲತನಕ ತುಂಬಿಸಿದ ಹಾಗೆ!
ಸಾವಿರ ವರ್ಷದ ಅದೇ ದಾರಿ,
ಯಾರೂ ಹೇಳಿಕೊಡದೆ
ಮತ್ತೆ ಊಟದ ಹಲಗೆಯಿಂದಲೇ ಹೊರಟಿತ್ತು
ಈ ಬೀದಿ.
ಹೇಳಲು ಬಾಯಿ ತೆರೆದೆ, ಸಂಭ್ರಮದಿಂದ.
ಆಕೆ ಕೇಳುತ್ತಿರಲಿಲ್ಲ.

ಅಂಗಳದಾಚೆ ಎದುರು ಕಿಟಕಿಯಲ್ಲಿ ಇನ್ನೊಬ್ಬಳು,
ಆನಿಸ್ ಹಾವರ್ತ್. ನಲವತ್ತು ವರ್ಷ ಇಬ್ಬರದೂ ಒಂದೇ ಮಗ್ಗದ ಸಾಲು.
ಆ ಗದ್ದಲದಲ್ಲಿ ಕಿವಿ ಕೆಲಸಕ್ಕೆ ಬರುವುದಿಲ್ಲ;
ಗಿರಣಿಯ ಹೆಂಗಸರು ತುಟಿಯಲ್ಲೇ ಆಡುತ್ತಾರೆ,
ಬಾಯಿ ಅಗಲಿಸಿ, ಒಂದೊಂದಕ್ಷರ ತಿದ್ದಿ, ದನಿಯಿಲ್ಲದೆ.
ಹೆಸ್ಟರ್ ಎದ್ದು ಗಾಜಿನ ಬಳಿ ನಿಂತು
ಏನೋ ಅಂದಳು. ನಾಲ್ಕೈದು ಪದವಿರಬೇಕು.
ಆಚೆಯವಳು ಕೈಯೊರೆಸುವುದು ನಿಲ್ಲಿಸಿ
ಒಂದೇ ಪದ ಅಂದಳು.
ತಿರುಗಿದಾಗ ಹೆಸ್ಟರಳ ಕಣ್ಣು ತುಂಬಿತ್ತು.
ತುಂಬಿತ್ತು, ಅಷ್ಟೇ ಬರೆಯಬಲ್ಲೆ.

ನನ್ನ ಬಳಿ ಎಲ್ಲ ಸ್ವರಕ್ಕೂ ಗುರುತಿದೆ:
ಮೂಗಿನದಕ್ಕೆ, ಗಂಟಲಿನದಕ್ಕೆ, ಅರ್ಧ ನುಂಗಿದ್ದಕ್ಕೆ.
ಇದಕ್ಕಿರಲಿಲ್ಲ.
ಏನೆಂದಿರಿ ಎಂದು ಕೇಳಬಹುದಿತ್ತು. ಅದೇ ನನ್ನ ಕೆಲಸ.
ಮುಂದಿನ ಪ್ರಶ್ನೆ ಓದಿದೆ:
ಒಲೆಯ ಬೂದಿ ತೆಗೆಯುವ ಸಲಿಕೆಗೆ?

ಹೊರಡುವಾಗ ಕಾಗದದಲ್ಲಿ ಸುತ್ತಿ ಕೊಟ್ಟಳು
ಉಬ್ಬದ ಬ್ರೆಡ್ಡಿನ ತುಂಡು. ಬೀದಿ ಇಳಿಯುವಾಗ
ಚೀಲದಲ್ಲಿ ಅದರದ್ದೇ ಭಾರ.
ರಾಟನ್‌ಸ್ಟಾಲ್ ಹತ್ತಿರ ಸೈಕಲ್ ನಿಲ್ಲಿಸಿ ತಿಂದೆ.
ಉಪ್ಪು ಜಾಸ್ತಿ.
ಹೊಟ್ಟೆ ತುಂಬಿತು.