ಮುಕುಂದನ ತಲಿ ಮ್ಯಾಲೆ ಏನು ಸುರೀಬೇಕು

ಎರಡು ಕಿಲೊ ಚಾಕಲೇಟು ತಂದಿಟ್ಟಿದ್ದಳು ವೈದೇಹಿ.
ಮುಟ್ಟಿದರ ಚರಚರ ಅನ್ನೂ ಚೀಲ.
"ಸೋದರತ್ತಿ ನೀವು, ನೀವ ಎರೀಬೇಕು" ಅಂದಳು.
ಐದು ತುಂಬೂತನಕ ಎರೀತಾರ ನಮ್ಮಲ್ಲಿ.
ಮುಕುಂದಗ ಈಗ ನಾಕು. ಇದ ಕಡೀ ಸಂಕ್ರಾಂತಿ.

ಏನೂ ಅನಲಿಲ್ಲ ನಾನು.
ನನ್ನ ಕೆಲಸ ಸರಕಾರಿ ದವಾಖಾನ್ಯಾಗ,
ಹಲ್ಲಿನ ವಿಭಾಗದ ಬಾಗಿಲ ಬಾಜೂಕ
ಮುರುಕು ಕುರ್ಚಿ ಮ್ಯಾಲೆ ಕೂತು ಚೀಟಿ ಬರಿಯೂದು.
ಹೆಸರು, ಊರು, ವಯಸ್ಸು.
ಬಂದ ಹೊಸದಾಗಿ ಅರವತ್ತು ಬರೀತಿದ್ದೆ, ಎಪ್ಪತ್ತೆರಡು ಬರೀತಿದ್ದೆ.
ಈಗ ಆರು. ಐದು. ಮತ್ತ ಆರು.
ಟವೆಲಿನ್ಯಾಗ ಗಲ್ಲ ಕಟಗೊಂಡು
ಅವ್ವನ ತೊಡಿ ಮ್ಯಾಲೆ ಒರಗಿದ ಕೂಸು
ನನ್ನ ಪೆನ್ನಿನ ಕಡೆ ನೋಡತದ,
ಸೂಜಿ ಅದ ಇರಬೇಕು ಅಂತ.

ಮುಂಜಾನೆ ಎದ್ದು ಬಜಾರಕ್ಕ ಹೋದೆ.
ಚಡಚಣದ ಮುದುಕಿ ಬಾರಿಹಣ್ಣು ಒಟ್ಟಿದ್ದಳು,
ಪಾವಿನ ಮ್ಯಾಲೆ ಇನ್ನೊಂದು ಗೋಪುರ ಏರಿಸಿ ಅಳದಳು.
"ಒಂದೊಂದರಾಗ ಹುಳಾ ಇರತಾವಬೇ,
ಹುಡುಗೂರಿಗೆ ಬಿಡಿಸಿ ನೋಡಿ ತಿನ್ನಸು."
ಹುಳಾ ಇದ್ದದ್ದ ಹೇಳಿ ಮಾರೂ ಅಂಗಡಿ
ನನಗ ಬ್ಯಾರೆ ಎಲ್ಲೂ ಗೊತ್ತಿಲ್ಲ.
ಸುಲಗಾಯಿ ಎರಡು ಕಟ್ಟು ತಗೊಂಡೆ,
ಹುಳಿ ಹತ್ತಿ ಬೆರಳು ಮನಿತನಕ ಚೀಪಿದೆ.
ತಿಕೋಟಾದ ಒಣದ್ರಾಕ್ಷಿ, ಕಬ್ಬಿನ ಗಣಿಕಿ,
ಚುರುಮರಿ ಹೆಂಗಿದ್ದರೂ ಇತ್ತು.

"ಇವನ್ನ ಯಾರು ಆರಿಸತಾರ, ವೈನೀ?" ನಕ್ಕಳು ವೈದೇಹಿ.
ಆಮ್ಯಾಲೆ, ಕೂಸಿನ ಕೊಳ್ಳಾಗಿನ ಬಿಳೀ ಸರ ತೋರಿಸಿ,
"ಕುಸರೆಳ್ಳು ಮತ್ತೇನು? ಸಕ್ಕರಿ ಅಲ್ಲೇನು?"
ಅಲ್ಲ ಅನ್ನಲಿಕ್ಕೆ ಬಾಯಿ ತಗದೆ.
ಒಂದೊಂದ ಎಳ್ಳಿಗೆ ಮೂರು ದಿನ ಪಾಕ ಹನಿಸಿ
ಮುಳ್ಳು ಬರಸಲಿಕ್ಕೆ ನಮ್ಮವ್ವ ಸುಟಗೊಂಡ ಬೆರಳು ನೆನಪಾತು.
ಬೆರಳು ಸುಟ್ಟರ ಸಕ್ಕರಿ ಸಕ್ಕರಿ ಅಲ್ಲಂತ ಆಗೂದಿಲ್ಲ.
ಬಾಯಿ ಮುಚ್ಚಿದೆ.

ಸಂಜಿಗೆ ಕರೀ ಅಂಗಿ ಹಾಕಿ ಮಣಿ ಮ್ಯಾಲೆ ಕೂಡಿಸಿದಿವಿ.
ಜೋರಾಪುರ ಪೇಟ್ಯಾಗಿನ ಅರ್ಧ ಓಣಿ ಪಡಸಾಲ್ಯಾಗ.
ಎರದೆ.
ಬಾರಿಹಣ್ಣು ಟಪಟಪ, ಚುರುಮರಿಗೆ ಸಪ್ಪಳನ ಇಲ್ಲ,
ಕಣ್ಣು ಮುಚ್ಚಿ ಹೆಗಲು ಏರಿಸಿ ನಗೂ ಮುಕುಂದ.
ನಡುವ ನಾಕು ಕಡೆ ಫಳಫಳ ಅಂತು:
ವೈದೇಹಿ ಒಂದು ಬೊಗಸಿ ಬೆರಸಿದ್ದಳು.
ಸುಳ್ಳು ಯಾಕ ಹೇಳಲಿ,
ಹುಡುಗೂರು ಮೊದಲ ಬಿದ್ದದ್ದು ಅದರ ಮ್ಯಾಲೆ.
ಇರ್ಫಾನನ ಮೊಣಕಾಲು ತರಚಿತು, ರುದ್ರಿ ಜಡಿ ಬಿಚ್ಚಿತು.
ವೈದೇಹಿ ನನ್ನ ಕಡೆ ನೋಡಿದಳು.
ನಾ ಗೋಡಿ ಕಡೆ.

ಚಾಕಲೇಟು ಎಷ್ಟೊತ್ತಿನ ಮಾತು? ಮುಗೀತು.
ಹೊರಗ ಹೋಗಲಿಕ್ಕೆ ಮನಸಿಲ್ಲ, ಕೈ ಖಾಲಿ.
ರುದ್ರಿ ಒಂದು ಸುಲಗಾಯಿ ಒಡದಳು.
ಒಂದರಾಗ ಎರಡು ಕಾಳು, ಇನ್ನೊಂದರಾಗ ಬರೇ ಗಾಳಿ.
ಯಾರಿಗೆ ಎರಡು ಬರತಾವ ಅಂತ ಪಂತ ಹತ್ತಿತು.
ಇರ್ಫಾನ ಕಬ್ಬು ಸಿಗದು ಸಿಗದು
"ನನ್ನ ಹಲ್ಲು ಅಲಗ್ಯಾಡಾಕತ್ತೈತಿ!" ಅಂತ ಎದ್ದು ನಿಂತ,
ಯುದ್ಧ ಗೆದ್ದವರಂಗ.
ಬಾರಿ ಬೀಜ ಒಟ್ಟು ಮಾಡಿ ಮುಷ್ಟಿ ಹಿಡದು
ಸರಿಯೋ ಬೆಸಾನೋ,
ದೀಪ ಹಚ್ಚೂತನಕ ಸರಿಯೋ ಬೆಸಾನೋ.
ಚಾಕಲೇಟಿನ ಕಾಗದ ಕಸಬರಿಗಿಗೆ ಸಿಗದ
ಫ್ಯಾನಿನ ಗಾಳಿಗೆ ಮೂಲಿ ಮೂಲಿ ಅಡ್ಡಾಡಿದವು.

ರಾತ್ರಿ ಮಲಗಿದ ಮುಕುಂದನ ದವಡಿ ಉಬ್ಬಿತ್ತು.
ಎದಿ ಝಲ್ ಅಂತು. ಮೆಲ್ಲಕ ಬೆರಳು ಹಾಕಿ ತಗದೆ:
ಬಾರಿ ಬೀಜ. ಚೀಪಿ ಚೀಪಿ ನುಣ್ಣಗ ಆಗಿತ್ತು.
ಹೆಂಗೂ ಬೆರಳು ಒಳಗ ಇತ್ತಲ್ಲ,
ರೂಢಿ ಬಿಡಬೇಕಲ್ಲ, ಎಣಿಸಿದೆ.

"ಎಷ್ಟವ?" ಬಾಗಿಲದಾಗ ವೈದೇಹಿ.
"ಇಪ್ಪತ್ತು. ಎಲ್ಲಾ ಅವ."
ಅಕಿ ಏನೂ ಅನಲಿಲ್ಲ.
ಅಡಗಿಮನ್ಯಾಗ ಡಬ್ಬಿ ಮುಚ್ಚಿದ ಸಪ್ಪಳ ಕೇಳಿತು,
ಸ್ವಲ್ಪ ಹೊತ್ತಿಗೆ
ಕಾಗದ ಬಿಚ್ಚಿದ ಸಪ್ಪಳ.

"ನನಗೂ ಒಂದು ತಾ" ಅಂದೆ.