ತೆಳುವಾದ ಕಡೆ ಹಠ ಹೆಚ್ಚು

ಚಿಕ್ಕ ಅಳುವಾರದ ಲ್ಯಾಬಿಗೆ ಕರೆಂಟು ಮರಳಿದಾಗ
ರಾತ್ರಿ ಒಂಬತ್ತು ದಾಟಿತ್ತು.
ಕಿರುಬೆರಳ ಉಗುರಿನಷ್ಟು ಸಿಲಿಕಾನಿನ ಚೂರು,
ಅದರ ಮೇಲೆ ಕೋಬಾಲ್ಟು.
ಲೇಪ ಅನ್ನಲೂ ಸಂಕೋಚ, ಅಷ್ಟು ತೆಳು:
ಈ ತುದಿಗೆ ಆರು ಪರಮಾಣುವಿನ ದಪ್ಪ,
ಆ ತುದಿಗೆ ಹೋಗುತ್ತ ಹೋಗುತ್ತ ಮೂರೇ.

ಸೂಜಿಗಳೆಲ್ಲ ಮುಗಿಲಿಗೆ ಮುಖ ಮಾಡಿವೆ.
ನೆಲ ನೋಡಿಸಬೇಕು. ಸುರುಳಿಗೆ ವಿದ್ಯುತ್ ಕೊಡುತ್ತೇನೆ,
ಎಲ್ಲ ಕಡೆಗೂ ಒಂದೇ ಬಲ.
ಒಂದೇ ಮಾತಿಗೆ ಎಲ್ಲರೂ ಎಲ್ಲಿ ಕೇಳುತ್ತಾರೆ?
ಪುಸ್ತಕದಲ್ಲಿ ಇದಕ್ಕೆ ವಿಷಮದೈಶಿಕತೆ ಎಂದು ಹೆಸರು.
ನನ್ನ ನೋಟುಬುಕ್ಕಿನಲ್ಲಿ, ಹಠ.
ತೆಳುವಾದ ಕಡೆ ಹೆಚ್ಚು.
ಮೊದಲ ವರ್ಷ ಉಲ್ಟಾ ಬರೆದು ಬೈಸಿಕೊಂಡಿದ್ದೆ.

ಪರದೆಯ ದಪ್ಪ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ.
ಹರಡಿತು. ನಿಂತಿತು.
ಯಾವುದೋ ಕಾಣದ ಕಲ್ಲು ಎಡವಿ
ಒಮ್ಮೆಲೇ ನೆಗೆದು, ಮತ್ತೆ ನಿಂತಿತು.

ಬಾಗಿಲು ಹಾಕಲು ಬಂದ ಬೆಳ್ಯಪ್ಪ
ಕೀಲಿಗೊಂಚಲು ಹಿಡಿದು ನನ್ನ ಬೆನ್ನ ಹಿಂದೆ.
"ಒಟ್ಟಿಗೆ ತಿರುಗುವುದಿಲ್ಲವಾ ಇದು?"
ಇಲ್ಲ.
"ಬಲ ತೆಗೆದರೆ ವಾಪಸ್ ಬರ್ತದಾ?"
ಇಲ್ಲ. ಎದುರಿನಿಂದ ನೂಕಬೇಕು,
ಬಂದರೂ ಹೋದ ದಾರಿಯಲ್ಲಿ ಬರುವುದಿಲ್ಲ.

ಸ್ಟೂಲು ಎಳೆದುಕೊಂಡರು.
"ನಾನು ಕೋವಿ ಬಿಟ್ಟದ್ದು ಗೊತ್ತುಂಟಲ್ಲ.
ಕೈಲ್‌ಪೊಳ್ದಿಗೆ ತೋಕು ಹೂ ಸಿಕ್ಕಿಸಿ ಇಡ್ತೇನೆ, ಅಷ್ಟೇ.
ಯಾವತ್ತು ಬಿಟ್ಟೆ ಅಂತ ಜನ ಕೇಳ್ತಾರೆ.
ಅಂಥ ಒಂದು ದಿನ ಇಲ್ಲ, ಮಗಳೇ.
ಮೊದಲು ಕಿವಿ, ಸದ್ದು ಬೇಡ ಅಂತು.
ಆಮೇಲೆ ಮೂಗಿಗೆ ಮದ್ದಿನ ವಾಸನೆ ಸೇರ್ಲಿಲ್ಲ.
ಹೆಗಲು ತಾನಾಗಿ ಇಳೀತು.
ಈ ಬೆರಳು, ನೋಡು, ಎಷ್ಟು ಬಡಕಲು,
ಇದೊಂದು ಮಾತ್ರ
ಇನ್ನೂ ನಾಲ್ಕು ವರ್ಷ ತಯಾರಾಗೇ ಇತ್ತು."

ಏನು ಹೇಳಲಿ? ಗುಂಡಿ ತಿರುಗಿಸಿದೆ:
ಮುನ್ನೂರು, ಮುನ್ನೂರ ಇಪ್ಪತ್ತು, ನಲವತ್ತು.
ಕಪ್ಪು ಮುಕ್ಕಾಲು ಪಾಲು ನಡೆದು
ಬಿಳಿಯ ಸಣ್ಣ ಪಟ್ಟಿಯೆದುರು ಸುಸ್ತಾಯಿತು.
ಸುರುಳಿ ಕಾದು ಮೇಣದ ವಾಸನೆ.

"ಇವತ್ತಿಗೆ ಬಿಡು," ಅಂದರು.
ಸೊನ್ನೆಗೆ ಇಳಿಸಿದೆ. ಗಡಿ ಅಲ್ಲೇ ಉಳಿಯಿತು,
ಬೆಳಿಗ್ಗೆಯೂ ಅಲ್ಲೇ ಇರುತ್ತದೆ.
ತಾರೀಖು ಬರೆದೆ. ಫಲಿತಾಂಶದ ಜಾಗ ಖಾಲಿ.

ಹೊರಗೆ ಚಳಿ. ಬೀಗ ಬಿತ್ತೋ ಇಲ್ಲವೋ ಎಂದು
ಅವರು ಎಳೆದು ನೋಡಿದ್ದು
ಅದೇ ಬೆರಳಲ್ಲಿ.